ಬೆಳಕಿನ ಚಿಕಿತ್ಸೆಯ ನಂತರ ಬಿಸಿಲಿಗೆ ಹೋಗುವ ಬಗ್ಗೆ

ನಮಸ್ಕಾರ. ಸಿಂಧನೂರಿನಲ್ಲಿರುವ ತಮ್ಮ ತಾಯಿಯವರಿಗೆ ವಯೋಸಹಜ ಮ್ಯಾಕುಲಾ (ಕಣ್ಣಿನ ಹಿಂಪದರದ ನಡುಭಾಗ) ಸವೆತಕ್ಕಾಗಿ ಬೆಳಕಿನ ಚಿಕಿತ್ಸೆ ಸೂಚಿಸಿದ್ದಾರೆಂದೂ, ಅದಾದ ಮೇಲೆ ಅವರು ಎಂದಿನಿಂದ ಗದ್ದೆಗೆ ಹೋಗಬಹುದು, ಕುಂದಿದ ನೋಟ ಮರಳುವುದೇ ಎಂದೂ ಕೇಳಿದ್ದೀರಿ.

ಈ ಚಿಕಿತ್ಸೆಯಲ್ಲಿ ವರ್ಟೆಪೋರ್ಫಿನ್ ಎಂಬ ಔಷಧವನ್ನು ತೋಳಿನ ರಕ್ತನಾಳಕ್ಕೆ 10 ನಿಮಿಷ ಹನಿಸುತ್ತಾರೆ. ಅದು ಕಣ್ಣಿನ ಹಿಂಭಾಗದ ಅಸಹಜ ನಾಳಗಳಲ್ಲಿ ಸೇರಿಕೊಂಡಿರುವಾಗ, ಅಂದರೆ ಹನಿಸಲು ಆರಂಭಿಸಿದ 15ನೆಯ ನಿಮಿಷಕ್ಕೆ, 689 ನ್ಯಾನೋಮೀಟರಿನ, ಸುಡದಂಥ ಕೆಂಪು ಲೇಸರನ್ನು 83 ಸೆಕೆಂಡು ಹಾಯಿಸಿದಾಗ ಔಷಧ ಸಕ್ರಿಯಗೊಂಡು ಆ ನಾಳಗಳನ್ನು ಮುಚ್ಚುತ್ತದೆ.

ಔಷಧ ಚರ್ಮದಲ್ಲಿಯೂ ಉಳಿಯುವುದರಿಂದ 5 ದಿನ ನೇರ ಬಿಸಿಲು ಮತ್ತು ಪ್ರಖರ ದೀಪಗಳನ್ನು ತಪ್ಪಿಸಲೇಬೇಕು. ರಾಯಚೂರು ಜಿಲ್ಲೆಯ ಬಿಸಿಲು ತಮಗೆ ಗೊತ್ತೇ ಇದೆ. ಆಸ್ಪತ್ರೆಯಿಂದ ಹೊರಡುವಾಗಲೇ ತುಂಬುತೋಳಿನ ಬಟ್ಟೆ, ತಲೆಯ ಮೇಲೆ ದಪ್ಪ ಸೆರಗು, ಕಪ್ಪು ಕನ್ನಡಕ ಸಿದ್ಧವಿರಲಿ. ಬಿಸಿಲಿಗೆ ಹಚ್ಚುವ ಕ್ರೀಮು ಇಲ್ಲಿ ರಕ್ಷಣೆ ಕೊಡದು, ಏಕೆಂದರೆ ಔಷಧವನ್ನು ಕೆರಳಿಸುವುದು ಅಂಥ ಕ್ರೀಮು ತಡೆಯಲಾರದ, ಕಣ್ಣಿಗೆ ಕಾಣುವ ಬೆಳಕೇ. ಹಾಗೆಂದು ಅವರನ್ನು ಕತ್ತಲ ಕೋಣೆಯಲ್ಲಿ ಕೂರಿಸಬೇಡಿ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿನ ಔಷಧ ಬೇಗ ಕರಗಲು ನೆರವಾಗುತ್ತದೆ.

ನೋಟದ ವಿಷಯದಲ್ಲಿ ನೇರವಾಗಿ ಹೇಳುವುದೇ ಒಳ್ಳೆಯದು: ಇದರ ಮುಖ್ಯ ಗುರಿ ಉಳಿದ ನೋಟವನ್ನು ಕಾಪಾಡುವುದು, ಸತ್ತ ಜೀವಕೋಶಗಳು ಮರಳುವುದಿಲ್ಲ. ಅಸಹಜ ನಾಳಗಳಿಲ್ಲದ ಒಣ ಬಗೆಯ ಸವೆತಕ್ಕೆ ಇದು ಉಪಯೋಗವಿಲ್ಲ. ಅಂಥ ನಾಳಗಳು ಬೆಳೆದು ಸೋರುವ ತೇವ ಬಗೆಗೆ ಈಗ ಸಾಮಾನ್ಯವಾಗಿ ಮೊದಲು ಕಣ್ಣಿನೊಳಗೆ ಚುಚ್ಚುಮದ್ದು ಕೊಡುತ್ತಾರೆ; ನಮ್ಮ ಏಷ್ಯಾದವರಲ್ಲಿ ಹೆಚ್ಚು ಕಾಣುವ, ನಾಳಗಳ ತುದಿ ಗುಳ್ಳೆಯಂತೆ ಉಬ್ಬುವ ಪಾಲಿಪಾಯ್ಡಲ್ ಬಗೆಯಲ್ಲಿ ಚುಚ್ಚುಮದ್ದಿನೊಂದಿಗೆ ಬೆಳಕಿನ ಚಿಕಿತ್ಸೆಯನ್ನೂ ಕೊಡುವುದುಂಟು. ಆದ್ದರಿಂದ ತಾಯಿಯವರದು ಯಾವ ಬಗೆ ಎಂಬುದನ್ನೇ ವೈದ್ಯರಲ್ಲಿ ಮೊದಲು ಕೇಳಿ. ಚಿಕಿತ್ಸೆಯ ಬಳಿಕ ನೋಟ ಒಮ್ಮೆಲೇ ಕುಸಿದರೆ ತಡಮಾಡದೆ ಅವರನ್ನೇ ಕಾಣಿರಿ.