ಬಾಸಿಂಗ ಶಾರ್ಪ್, ಕಣ್ಣು ಮಾತ್ರ ಮಂಜು

ಪ್ರಶ್ನೆ: ಸರ್, ನಾನು ಮಂಡ್ಯ, ಮದ್ದೂರು ಕಡೆ ಮದುವೆ ಫೋಟೋ ತೆಗೆಯುತ್ತೇನೆ. ಹಳೇ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಡಿಎಸ್‌ಎಲ್‌ಆರ್‌ಗೆ ಈಚೆಗೆ 50 ಎಂಎಂ, ಎಫ್ 1.8 ಲೆನ್ಸ್ ತಗೊಂಡೆ. ಗಂಡಿನ ಕ್ಲೋಸಪ್‌ನಲ್ಲಿ ಒಂದು ಸಲ ಬಾಸಿಂಗ ಶಾರ್ಪ್ ಬರುತ್ತದೆ, ಇನ್ನೊಂದು ಸಲ ಕಿವಿ ಪಕ್ಕದ ಕೂದಲು. ಕಣ್ಣು ಮಾತ್ರ ಮಂಜು. ಮೊದಲಿದ್ದ ಜೂಮ್‌ನಲ್ಲಿ ಹೀಗಾಗುತ್ತಿರಲಿಲ್ಲ. ಲೆನ್ಸ್ ಕ್ಯಾಲಿಬ್ರೇಷನ್, ಅಂದರೆ ಲೆನ್ಸು ಕ್ಯಾಮೆರಾಗಳ ಫೋಕಸ್ ಹೊಂದಾಣಿಕೆ, ಮಾಡಿಸಿ ಅಂತಾರೆ. ಮಾಡಿಸಲಾ, ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೇ ಹೋಗಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೈಸೂರಲ್ಲಿ ಕ್ಯಾಮೆರಾ ರಿಪೇರಿ ಅಂಗಡಿ ಇಟ್ಟುಕೊಂಡಿರೋನು ಹೀಗೆ ಹೇಳಿದರೆ ವ್ಯಾಪಾರ ಆದ ಹಾಗೇ! ಆದರೂ ದುಡ್ಡು ಉಳಿಸಿಕೊಳ್ಳಿ.

ಕ್ಯಾಲಿಬ್ರೇಷನ್ ಕೆಟ್ಟಿದ್ದರೆ ತಪ್ಪು ಒಂದೇ ಕಡೆಗೆ ಆಗುತ್ತದೆ. ಯಾವಾಗಲೂ ಮುಂದೆ, ಇಲ್ಲಾ ಯಾವಾಗಲೂ ಹಿಂದೆ. ನಿಮ್ಮದು ಎರಡೂ ಕಡೆ ಓಡಾಡುತ್ತಿದೆ.

ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ನೋಡಿ ತೆಗೆಯುವಾಗ ಫೋಕಸ್ ಅಳೆಯುವುದು ಫೋಟೋ ಬೀಳುವ ಸೆನ್ಸರ್ ಅಲ್ಲ. ಕ್ಯಾಮೆರಾ ಒಳಗಿನ ದೊಡ್ಡ ಕನ್ನಡಿಯ ಹಿಂದೆ ಇನ್ನೊಂದು ಪುಟ್ಟ ಕನ್ನಡಿ ಇದೆ. ಅದು ಸ್ವಲ್ಪ ಬೆಳಕನ್ನು ತಳದಲ್ಲಿರುವ ಫೋಕಸ್ ಸೆನ್ಸರ್‌ಗೆ ಇಳಿಸುತ್ತದೆ. ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕು ಅಲ್ಲಿ ಎರಡು ಚಿತ್ರವಾಗಿ ಬೀಳುತ್ತದೆ. ಅವುಗಳ ನಡುವಿನ ಅಂತರ ನೋಡಿ, ಲೆನ್ಸನ್ನು ಯಾವ ಕಡೆಗೆ, ಎಷ್ಟು ತಿರುಗಿಸಬೇಕು ಅಂತ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಇದೇ ಫೇಸ್ ಡಿಟೆಕ್ಷನ್. 1985ರ ಮಿನೋಲ್ಟಾ 7000 ಫಿಲ್ಮ್ ಕ್ಯಾಮೆರಾ ಕೂಡ ಹೀಗೇ ಮಾಡುತ್ತಿತ್ತು.

ಈ ಸೆನ್ಸರ್‌ಗೆ ಕಣ್ಣು, ಮೂಗು ಗೊತ್ತಿಲ್ಲ. ಬೆಳಕು ಕತ್ತಲೆ ಸೇರುವ ಗೆರೆ ಸಿಕ್ಕರೆ ಸಾಕು. ಅದು ನೋಡುವ ಜಾಗವೂ ವ್ಯೂಫೈಂಡರ್‌ನ ಚೌಕಕ್ಕಿಂತ ಸಾಮಾನ್ಯವಾಗಿ ದೊಡ್ಡದೇ. ನೀವು ಹುಬ್ಬಿನ ಹತ್ತಿರ ಚೌಕ ಇಟ್ಟಿರಿ, ಮೇಲೇ ಥಳಥಳ ಅನ್ನೋ ಬಾಸಿಂಗ ಇದೆ. ಯಾವುದನ್ನು ಹಿಡಿಯುತ್ತೆ ಹೇಳಿ?

ಇನ್ನು ಕಿವಿ ಪಕ್ಕದ ಕೂದಲು. ಹಳೇ ಫುಲ್‌ಫ್ರೇಮ್‌ಗಳಲ್ಲಿ ಫೋಕಸ್ ಪಾಯಿಂಟ್‌ಗಳೆಲ್ಲ (ವ್ಯೂಫೈಂಡರ್‌ನ ಆ ಚೌಕಗಳು) ನಡುವೆಯೇ ಗುಂಪುಗೂಡಿರುತ್ತವೆ. ಹೊರಗಿನವು ಎಷ್ಟೋ ಕ್ಯಾಮೆರಾಗಳಲ್ಲಿ ಒಂದೇ ದಿಕ್ಕಿನ ಗೆರೆ ಗುರುತಿಸುತ್ತವೆ. ಹಾಗಾಗಿ ನೀವು ನಡುವಿನ ಪಾಯಿಂಟ್‌ನಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿಕೊಂಡೇ ಕ್ಯಾಮೆರಾ ಕೆಳಕ್ಕೆ ಬಾಗಿಸುತ್ತೀರಿ, ಅಲ್ವಾ? 1 ಮೀಟರ್ ದೂರದಲ್ಲಿ 15 ಡಿಗ್ರಿ ಬಾಗಿಸಿದರೆ ಫೋಕಸ್ ಕಣ್ಣಿಗಿಂತ 3 ಸೆಂಟಿಮೀಟರ್‌ಗೂ ಜಾಸ್ತಿ ಹಿಂದಕ್ಕೆ ಹೋಗುತ್ತದೆ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಶಾರ್ಪ್ ಬರುವ ಆಳ ಕಮ್ಮಿ. ಎಫ್ 1.8ರಲ್ಲಿ ಅಷ್ಟು ಹತ್ತಿರದಿಂದ ಶಾರ್ಪ್ ಬರುವುದೇ ಒಟ್ಟು 4 ಸೆಂಟಿಮೀಟರ್ ಆಸುಪಾಸು. ಅದರಲ್ಲೂ ಅರ್ಧ ಮುಂದೆ, ಅರ್ಧ ಹಿಂದೆ. ಕಣ್ಣು ಹೊರಗೆ ಬಿತ್ತು! ನಿಮ್ಮ ಜೂಮ್‌ನಲ್ಲೂ ಈ ತಪ್ಪು ಆಗುತ್ತಲೇ ಇತ್ತು. ಎಫ್ 5.6ರಲ್ಲಿ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ನನ್ನ ಮಾತು ಸುಮ್ನೆ ನಂಬಬೇಡಿ. ಗೋಡೆಗೆ ದಿನಪತ್ರಿಕೆ ಪುಟ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನೇರಕ್ಕೆ ನಿಲ್ಲಿಸಿ. ವ್ಯೂಫೈಂಡರ್‌ನಲ್ಲಿ ಹತ್ತು ಫೋಟೋ, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿಕೊಂಡು, ಫೋಟೋ ಸೆನ್ಸರ್‌ನಿಂದಲೇ ಫೋಕಸ್) ಹತ್ತು. ಪ್ರತಿ ಸಲ ಮೊದಲು ಫೋಕಸ್ ಕೆಡಿಸಿಕೊಳ್ಳಿ. ಲೈವ್ ವ್ಯೂನದು ಚೂಪಾಗಿ ಬಂದು, ವ್ಯೂಫೈಂಡರ್‌ನದು ಎಲ್ಲವೂ ಮಂಜಾದರೆ ಆಗ ಕ್ಯಾಲಿಬ್ರೇಷನ್ ಮಾತು. ಅದಕ್ಕೂ ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಫೋಕಸ್ ಸ್ವಲ್ಪ ಮುಂದೆ ಹಿಂದೆ ಸರಿಸುವ ಮೈಕ್ರೋ ಅಡ್ಜಸ್ಟ್‌ಮೆಂಟ್ ಇರುತ್ತದೆ, ಹುಡುಕಿ. ಹತ್ತರಲ್ಲಿ ಒಂದೆರಡು ಅತ್ತಿತ್ತ ಆದರೆ ಅದು ರೋಗ ಅಲ್ಲ.

ಮದುವೆ ಮನೆಯಲ್ಲಿ ಎಫ್ 2.8ಕ್ಕೆ ಬನ್ನಿ, ಕಣ್ಣಿಗೆ ಹತ್ತಿರದ ಪಾಯಿಂಟ್ ಆರಿಸಿ, ಬಾಗಿಸುವುದನ್ನು ಕಮ್ಮಿ ಮಾಡಿ.

ಮಿರರ್‌ಲೆಸ್‌ನಲ್ಲಿ ಫೋಟೋ ಸೆನ್ಸರ್ ಮೇಲೇ ಫೋಕಸ್ ಅಳೆಯುವುದರಿಂದ ಬೆಳಕಿಗೆ ಫೋಕಸ್‌ಗೊಂದು, ಫೋಟೋಗೊಂದು ದಾರಿ ಅನ್ನೋ ವ್ಯತ್ಯಾಸ ಇಲ್ಲ. ಈಚಿನ ಎಷ್ಟೋ ಮಾಡೆಲ್‌ಗಳಲ್ಲಿ ಕಣ್ಣನ್ನೂ ತಾನೇ ಹುಡುಕುತ್ತದೆ. ಆದರೆ ಹೋಮದ ಹೊಗೆ, ಛತ್ರದ ಮಂದ ಬೆಳಕು ಅದಕ್ಕೂ ಕಷ್ಟವೇ. ಈ ಸೀಸನ್ ಇದರಲ್ಲೇ ಮುಗಿಸಿ. ಆಮೇಲೂ ಆಸೆ ಇದ್ದರೆ, ಈ 50 ಎಂಎಂ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಆಗುತ್ತಾ ಅಂತ ಅಂಗಡಿಯಲ್ಲೇ ಹಾಕಿಸಿ ನೋಡಿಕೊಳ್ಳಿ.