ಹತ್ತು ವರ್ಷದ ಆಟೊಮ್ಯಾಟಿಕ್ ಎಸ್‌ಯುವಿಗೆ ಗೇರ್‌ಬಾಕ್ಸ್ ಆಯಿಲ್ ಕೂಲರ್: ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹತ್ತು ವರ್ಷ ಹಳೆಯ ಡೀಸೆಲ್ ಎಸ್‌ಯುವಿ, ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್, ದಿನವೂ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಟ. ಮನೆಮಂದಿಯೊಂದಿಗೆ ಧರ್ಮಸ್ಥಳಕ್ಕೆ ಹೋಗಿ ಮರಳುವಾಗ ಚಾರ್ಮಾಡಿ ಘಾಟಿಯ ಏರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಎಚ್ಚರಿಕೆಯ ದೀಪ ಹತ್ತಿತು. ಸಿಗುವುದರಲ್ಲೇ ಅತಿ ದೊಡ್ಡ ಕೂಲರ್ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಯಾವುದನ್ನು ಕೊಳ್ಳಬೇಕು, ನೀವೇ ಕೂರಿಸಬಹುದೇ ಎಂದು ಕೇಳಿದ್ದೀರಿ.

ಕೂಲರ್ ಹಾಕಿಸಿ, ಒಳ್ಳೆಯದೇ. ಆದರೆ ಅತಿ ದೊಡ್ಡದು ಬೇಡ; ಮಧ್ಯಮ ಗಾತ್ರದ ಸ್ಟ್ಯಾಕ್ಡ್ ಪ್ಲೇಟ್ (ತೆಳು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ) ಮಾದರಿ ಸಾಕು. ಅದು ಕೂರುವ ಜಾಗ ಮಾತ್ರ ರೇಡಿಯೇಟರ್ ಫ್ಯಾನ್ ಎಳೆಯುವ ಗಾಳಿಯ ದಾರಿಯಲ್ಲೇ ಇರಬೇಕು. ಬೆಂಗಳೂರಿನಲ್ಲಿ ತೆವಳುವ ಗಾಡಿಗೆ ಕೂಲರಿನ ಅಳತೆಗಿಂತ ಗಾಳಿ ದೊಡ್ಡದು. ನನ್ನ ಹಳೆಯ ಗಾಡಿಗೆ ಇಂಥದ್ದೊಂದನ್ನು ನಾನೇ ಕೂರಿಸಿದ್ದೇನೆ, ಗೆಳೆಯರ ಗಾಡಿಗಳಿಗೂ ಕೈ ಹಾಕಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಮ್ಮಲ್ಲಿ ಆಟೊಮ್ಯಾಟಿಕ್ ಎಂದು ಮಾರಾಟವಾಗುವ ಎಲ್ಲ ಕಾರುಗಳಿಗೂ ಇದು ಅನ್ವಯಿಸುವುದಿಲ್ಲ. ಮಾರುತಿಯ ಎಜಿಎಸ್‌ನಂಥ ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನಷ್ಟೇ ಯಂತ್ರಕ್ಕೆ ವಹಿಸಲಾಗಿದೆ. ಅದಕ್ಕೆ ಕೂಲರ್ ಜೋಡಿಸಲು ಆಯಿಲ್ ಪೈಪೇ ಇರುವುದಿಲ್ಲ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ, ಎರಡು ಕ್ಲಚ್ಚಿನ ಡಿಕ್ಯೂ200 ಡಿಎಸ್‌ಜಿಯ ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿರದ ಒಣ ಮಾದರಿಯವು. ಅವು ಕಾದಾಗ ಆಯಿಲ್ ತಣ್ಣಗಾದರೆ ಏನೂ ಬದಲಾಗದು. ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿಗೆ ಕೂಲರ್ ಹಾಕಬಹುದು, ಆದರೆ ಅದರ ಆಯಿಲ್ ಬೇರೆಯದೇ ಜಾತಿ.

ಈಗ ನಿಮ್ಮ ಗಾಡಿಗೆ ಬರೋಣ. ಟಾರ್ಕ್ ಕನ್ವರ್ಟರಿನೊಳಗೆ ಎಂಜಿನ್ ಕಡೆಯ ಚಕ್ರ ಆಯಿಲನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ಚಕ್ರ ಅದರ ಹೊಡೆತಕ್ಕೆ ತಿರುಗುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸವಿದ್ದಷ್ಟೂ ಆ ಶಕ್ತಿ ಆಯಿಲಿನಲ್ಲಿ ಶಾಖವಾಗಿ ಸೇರುತ್ತದೆ. ವೇಗ ಹಿಡಿದಾಗ ಲಾಕ್‌ಅಪ್ ಕ್ಲಚ್ ಎರಡನ್ನೂ ಬಿಗಿದು ಒಂದು ಮಾಡುತ್ತದೆ, ಆಗ ಜಾರುವಿಕೆ ನಿಂತು ಶಾಖವೂ ಇಳಿಯುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯ ಗೇರ್‌ಬಾಕ್ಸ್ ತಣ್ಣಗಿರುತ್ತದೆ, ಸಿಲ್ಕ್ ಬೋರ್ಡ್ ಬಳಿ ನಡಿಗೆಯ ವೇಗದಲ್ಲಿ ಸಾಗುವ ಗಾಡಿಯದು ಕಾಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೆಬ್ಬಾಳ ಮೇಲ್ಸೇತುವೆಯ ಏರಿನಲ್ಲಿ ಬ್ರೇಕ್ ತುಳಿಯದೆ, ಆಕ್ಸಿಲರೇಟರನ್ನು ತುಸುವೇ ಒತ್ತಿ ಗಾಡಿ ಹಿಂದೆ ಸರಿಯದಂತೆ ನಿಲ್ಲಿಸಿಕೊಳ್ಳುವ ಚಾಳಿ. ಚಕ್ರ ತಿರುಗುತ್ತಿಲ್ಲ, ಎಂಜಿನ್ ತಳ್ಳುತ್ತಿದೆ: ಕನ್ವರ್ಟರಿಗೆ ಹೋದ ಶಕ್ತಿಯಷ್ಟೂ ಆಯಿಲನ್ನು ಕಾಯಿಸುತ್ತದೆ. ನಿಮಗೆ ಈ ಅಭ್ಯಾಸವಿದ್ದರೆ ಇಂದೇ ಬಿಡಿ, ಖರ್ಚಿಲ್ಲದ ಕೂಲರ್ ಅದು.

ಘಾಟಿಯಲ್ಲೂ ಇದೇ ಲೆಕ್ಕ. ಚಾರ್ಮಾಡಿಯ ತಿರುವುಗಳಲ್ಲಿ ಡಿ ಸ್ಥಾನದಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹಾರುತ್ತದೆ, ತಿರುವಿನಲ್ಲಿ ಮತ್ತೆ ಇಳಿಯುತ್ತದೆ, ಲಾಕ್‌ಅಪ್ ಹಿಡಿದು ಬಿಟ್ಟು ಮಾಡುತ್ತಲೇ ಇರುತ್ತದೆ. ಮ್ಯಾನ್ಯುವಲ್ ಸ್ಥಾನಕ್ಕೆ ತಂದು ಎರಡು ಅಥವಾ ಮೂರನೇ ಗೇರಿನಲ್ಲೇ ಹಿಡಿದಿಟ್ಟರೆ ಎಂಜಿನ್ ಸುತ್ತು ಹೆಚ್ಚುತ್ತದೆ, ಆಯಿಲ್ ಪಂಪು ಹೆಚ್ಚು ಆಯಿಲನ್ನು ಕೂಲರಿಗೆ ಕಳಿಸುತ್ತದೆ, ಕನ್ವರ್ಟರಿನ ಜಾರಾಟ ಕಡಿಮೆಯಾಗುತ್ತದೆ. ಎಂಜಿನ್ ಕೂಗುತ್ತದೆ ಎಂದು ಮನೆಯವರು ಗೊಣಗಬಹುದು; ಗೊಣಗಲಿ.

ಹಣ ಖರ್ಚು ಮಾಡುವ ಮೊದಲು ಅಳೆಯಿರಿ. ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ಓದುವ ಒಬಿಡಿ ಸ್ಕ್ಯಾನರ್ ನಿಮ್ಮ ಗಾಡಿಯ ಗೇರ್‌ಬಾಕ್ಸ್ ಆಯಿಲ್ ತಾಪಮಾನವನ್ನು ತೋರಿಸುತ್ತದೆಯೇ ನೋಡಿ. ಇದು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅಗ್ಗದ ಸ್ಕ್ಯಾನರಿನಲ್ಲಿ ಕೆಲವೊಮ್ಮೆ ಸಿಗುವುದಿಲ್ಲ. 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಚಿಂತೆಯಿಲ್ಲ. 110ರ ಆಸುಪಾಸಿನಲ್ಲಿ ದಿನವೂ ಬೇಯುತ್ತಿದ್ದರೆ ಆಯಿಲ್ ಬೇಗ ಮುದಿಯಾಗುತ್ತದೆ. 120 ದಾಟಿದರೆ ಒಳಭಾಗಗಳ ಮೇಲೆ ವಾರ್ನಿಷ್ ಎಂಬ ಅಂಟು ಪದರ ಕಟ್ಟತೊಡಗುತ್ತದೆ, ಇನ್ನೂ ಮೇಲೆ ಹೋದರೆ ಸೀಲುಗಳು ಗಟ್ಟಿಯಾಗುತ್ತವೆ. ತಾಪಮಾನ ಸುಮಾರು 11 ಡಿಗ್ರಿ ಏರಿದಂತೆಲ್ಲ ಆಯಿಲಿನ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಅಂದಾಜು. ಅಂದಾಜೇ ಹೊರತು ನಿಯಮವಲ್ಲ.

ನಿಮ್ಮ ಗಾಡಿಯಲ್ಲಿ ಕಂಪನಿಯೇ ಕೊಟ್ಟ ಕೂಲರ್ ಈಗಾಗಲೇ ಒಂದಿರುತ್ತದೆ. ಬಹಳ ಗಾಡಿಗಳಲ್ಲಿ ಅದು ರೇಡಿಯೇಟರಿನ ಟ್ಯಾಂಕಿನೊಳಗೆ ಅಡಗಿರುತ್ತದೆ, ಕೂಲಂಟ್ ಅದರ ಸುತ್ತ ಹರಿಯುತ್ತದೆ. ಹತ್ತು ವರ್ಷದ ಗಾಡಿಯಲ್ಲಿ ಮೊದಲ ಅನುಮಾನ ಹೊಸ ಕೂಲರ್ ಇಲ್ಲದಿರುವುದರ ಮೇಲಲ್ಲ, ಇರುವುದು ಕೆಲಸ ಮಾಡದಿರುವುದರ ಮೇಲೆ ಬೀಳಬೇಕು. ಎಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಧೂಳು, ಹುಳು, ಎಲೆ ತುಂಬಿಕೊಂಡಿದೆಯೇ? ಫ್ಯಾನಿಗೆ ವಿಸ್ಕಸ್ ಕ್ಲಚ್ (ಬಿಸಿ ಏರಿದಾಗ ಫ್ಯಾನನ್ನು ಎಂಜಿನ್ನಿಗೆ ಹಿಡಿಸುವ, ದ್ರವ ತುಂಬಿದ ಜೋಡಣೆ) ಇದ್ದರೆ ಅದು ಸತ್ತಿದೆಯೇ? ಬಿಸಿ ಎಂಜಿನ್ ಆರಿಸಿದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ತಡೆಯೇ ಇಲ್ಲದೆ ಸುತ್ತುತ್ತಾ ಹೋದರೆ ಕ್ಲಚ್ ಮುಗಿದಿದೆ. ಗೇರ್‌ಬಾಕ್ಸ್ ಆಯಿಲ್ ಎಂದಾದರೂ ಬದಲಾಗಿದೆಯೇ? ಜೀವಮಾನದ ಆಯಿಲ್ ಎಂಬ ಮಾತನ್ನು ನಾನು ನಂಬುವುದಿಲ್ಲ, ಬೆಂಗಳೂರಿನ ಟ್ರಾಫಿಕ್ಕಿನಲ್ಲಂತೂ ಸುತರಾಂ ಇಲ್ಲ. ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕೂಲರಿಗಿಂತ ಮೊದಲು ಆಯಿಲಿನ ಕೆಲಸ ಆಗಬೇಕು.

ಇಷ್ಟೆಲ್ಲ ಸರಿಯಿದ್ದೂ ಕಾಯುತ್ತಿದ್ದರೆ ಹೆಚ್ಚುವರಿ ಕೂಲರ್ ಕೊಳ್ಳಿ. ಮೂರು ಬಗೆ ಸಿಗುತ್ತವೆ. ಕೊಳವೆಯ ಸುತ್ತ ರೆಕ್ಕೆ ಹೊಂದಿಸಿದ ಟ್ಯೂಬ್ ಆ್ಯಂಡ್ ಫಿನ್ ಅಗ್ಗ, ಗಟ್ಟಿಮುಟ್ಟು, ಆದರೆ ಅದೇ ಅಳತೆಯಲ್ಲಿ ತಣಿಸುವ ಶಕ್ತಿ ಕಡಿಮೆ. ಪ್ಲೇಟ್ ಆ್ಯಂಡ್ ಫಿನ್ ಅದಕ್ಕಿಂತ ಮೇಲು. ಸ್ಟ್ಯಾಕ್ಡ್ ಪ್ಲೇಟ್ ಇವೆರಡಕ್ಕಿಂತ ಚಿಕ್ಕ ಜಾಗದಲ್ಲಿ ಹೆಚ್ಚು ಶಾಖ ಕಳೆಯುತ್ತದೆ, ಆಯಿಲಿನ ಹರಿವಿಗೂ ಹೆಚ್ಚು ತಡೆ ಒಡ್ಡುವುದಿಲ್ಲ. ಹೇಡನ್, ಡೆರೇಲ್, ಮಿಶಿಮೊಟೊ, ಸೆಟ್ರಾಬ್ ಎಂಬ ಹೆಸರುಗಳು ನಿಮಗೆ ಕಾಣಸಿಗುತ್ತವೆ. ಅಮೆರಿಕದ ಕಿಟ್‌ಗಳ ಡಬ್ಬಿಯ ಮೇಲೆ ಇಷ್ಟು ಪೌಂಡ್ ತೂಕದ ಗಾಡಿಗೆ ಎಂದು ಬರೆದಿರುತ್ತದೆ; ಅದು ಟ್ರೈಲರ್ ಎಳೆಯುವವರಿಗಾಗಿ ಮಾಡಿದ ಲೆಕ್ಕ, ನಮಗೆ ತೀರಾ ಉಪಯೋಗವಿಲ್ಲ. ಗ್ರಿಲ್ಲಿನ ಹಿಂದೆ ಎಷ್ಟು ಜಾಗವಿದೆ ಎಂದು ಟೇಪು ಹಿಡಿದು ಅಳೆದು ಅದಕ್ಕೆ ತಕ್ಕುದನ್ನು ಕೊಳ್ಳಿ. ಇಲ್ಲಿನ ಚಳಿ ಗೇರ್‌ಬಾಕ್ಸ್ ಹೆದರುವಷ್ಟಿಲ್ಲದಿದ್ದರೂ, ತಣ್ಣಗಿನ ಆಯಿಲ್ ಕೂಲರಿನೊಳಗೆ ಹೋಗದಂತೆ ತಡೆಯುವ ಥರ್ಮೋಸ್ಟ್ಯಾಟ್ ಬೈಪಾಸ್ ಇದ್ದರೆ ಡಿಸೆಂಬರಿನ ಮುಂಜಾನೆಗೆ ಲಾಭವೇ.

ಜಾಗದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಬಹುಪಾಲು ಗ್ಯಾರೇಜುಗಳು ಎಡವುವುದು ಇಲ್ಲಿ. ಬಂಪರಿನ ಮೂಲೆಯಲ್ಲಿ ಖಾಲಿ ಜಾಗ ಕಂಡರೆ ಸಾಕು, ಕೂಲರನ್ನು ಅಲ್ಲಿ ತುರುಕಿಬಿಡುತ್ತಾರೆ. ಹೆದ್ದಾರಿಯಲ್ಲಿ ಅಲ್ಲಿ ಗಾಳಿ ಬೀಸಬಹುದು, ಆದರೆ ನಿಮಗೆ ಕೂಲರ್ ಬೇಕಾಗಿರುವುದು ಹೆದ್ದಾರಿಗಲ್ಲ. ಗಾಡಿ ನಿಂತಾಗ ಗಾಳಿ ಎಳೆಯುವುದು ರೇಡಿಯೇಟರಿನ ಫ್ಯಾನ್ ಮಾತ್ರ, ಅದೂ ತನ್ನ ಸುತ್ತಿನ ಮುಂದಿರುವ ಭಾಗದಲ್ಲಿ. ಕೂಲರ್ ಕಂಡೆನ್ಸರಿನ ಮುಂದೆ, ಆ ಸುತ್ತಿನ ಎದುರಿಗೇ ಕೂರಬೇಕು. ಅದರ ಬಿಸಿ ಗಾಳಿ ಕಂಡೆನ್ಸರಿಗೆ ಹೋಗಿ ಎಸಿ ತುಸು ಮಂಕಾಗಬಹುದು. ಕೂಲರ್ ಅತಿ ದೊಡ್ಡದು ಬೇಡ ಎನ್ನಲು ಇದೂ ಒಂದು ಕಾರಣ. ಅಲ್ಲಿ ಜಾಗವೇ ಇಲ್ಲವೆಂದರೆ ತನ್ನದೇ ಪುಟ್ಟ ವಿದ್ಯುತ್ ಫ್ಯಾನ್ ಮತ್ತು ತಾಪಮಾನದ ಸ್ವಿಚ್ ಇರುವ ಕೂಲರ್ ಹಾಕಿಸಿ, ಆಗ ಮೂಲೆಯಲ್ಲಿದ್ದರೂ ನಡೆಯುತ್ತದೆ. ಇನ್ನೊಂದು ಸಂಗತಿ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಅಷ್ಟೇ ಗಾಳಿ ಎಳೆದರೂ ಹೊತ್ತೊಯ್ಯುವ ಶಾಖ ಸ್ವಲ್ಪ ಕಡಿಮೆ.

ಕಿಟ್ಟಿನೊಂದಿಗೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಕಂಡೆನ್ಸರಿನ ರೆಕ್ಕೆಗಳ ನಡುವೆ ತೂರಿಸಿ ಬಿಗಿಯಬೇಡಿ. ಅಲುಗಾಟದಲ್ಲಿ ಅವು ರೆಕ್ಕೆ, ಕೊಳವೆಗಳನ್ನು ಉಜ್ಜಿ ತೂತು ಮಾಡುತ್ತವೆ, ಆಮೇಲೆ ಎಸಿ ಗ್ಯಾಸಿಗೂ ದುಡ್ಡು ಸುರಿಯಬೇಕು. ಪಟ್ಟಿಯಿಂದ ಬ್ರ್ಯಾಕೆಟ್ ಮಾಡಿಸಿ ಚೌಕಟ್ಟಿಗೆ ಬೋಲ್ಟ್ ಮಾಡಿ, ಕಂಡೆನ್ಸರಿಗೂ ಕೂಲರಿಗೂ ನಡುವೆ ತುಸು ಅಂತರ ಬಿಡಿ. ನಳಿಕೆಗಳ ಬಾಯಿ ಮೇಲಕ್ಕೆ ಅಥವಾ ಪಕ್ಕಕ್ಕೆ ಇರಲಿ. ಕೆಳಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಜೋಡಣೆ ಹೀಗಿರಬೇಕು: ಗೇರ್‌ಬಾಕ್ಸಿನಿಂದ ರೇಡಿಯೇಟರ್ ಟ್ಯಾಂಕಿನ ಕೂಲರಿಗೆ, ಅಲ್ಲಿಂದ ಹೊಸ ಕೂಲರಿಗೆ, ಅಲ್ಲಿಂದ ಮರಳಿ ಗೇರ್‌ಬಾಕ್ಸಿಗೆ. ಅಂದರೆ ಮರಳುವ ಪೈಪನ್ನು ಕತ್ತರಿಸಬೇಕು. ಯಾವುದು ಮರಳುವುದು ಎಂದು ಊಹಿಸಬೇಡಿ, ಸರ್ವಿಸ್ ಕೈಪಿಡಿ ನೋಡಿ. ಹೋಸ್ ವಿಷಯದಲ್ಲಿ ಜಿಪುಣತನ ಬೇಡ: ಟ್ರಾನ್ಸ್‌ಮಿಷನ್ ಆಯಿಲಿಗೆಂದೇ ಮಾಡಿದ, ಎಸ್‌ಎಇ ಜೆ1532 ಎಂದು ಮುದ್ರಿಸಿರುವ ಹೋಸನ್ನೇ ಬಳಸಿ. ರೇಡಿಯೇಟರ್ ನೀರಿನ ಹೋಸು ಬಿಸಿ ಆಯಿಲಿಗೆ ಉಬ್ಬಿ ಮೆತ್ತಗಾಗುತ್ತದೆ. ಕತ್ತರಿಸಿದ ಉಕ್ಕಿನ ಪೈಪಿನ ತುದಿಗೆ ಉಬ್ಬು ಮಾಡಿಸದೆ ಬರಿದೇ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿದರೆ ಅದು ಒಂದು ದಿನ ಕಳಚಿಕೊಳ್ಳುತ್ತದೆ. ಕಳಚಿದ ಕೆಲವೇ ನಿಮಿಷಗಳಲ್ಲಿ ಆಯಿಲ್ ರಸ್ತೆಯ ಮೇಲೆ, ಗೇರ್‌ಬಾಕ್ಸ್ ಗುಜರಿಗೆ.

ರೇಡಿಯೇಟರಿನೊಳಗಿನ ಕೂಲರನ್ನು ಪೂರ್ತಿ ಬಿಟ್ಟುಬಿಡಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ನಿಂತ ಗಾಡಿಯಲ್ಲಿ ಕೂಲಂಟ್ ಗಾಳಿಗಿಂತ ಚೆನ್ನಾಗಿ ಶಾಖ ಎಳೆಯುತ್ತದೆ. ಆದರೆ ಅದರೊಳಗೆ ಸೋರಿಕೆಯಾದರೆ ಕೂಲಂಟ್ ಮತ್ತು ಆಯಿಲ್ ಬೆರೆತು ಗುಲಾಬಿ ಹಾಲಿನಂಥ ದ್ರವವಾಗುತ್ತದೆ, ಕ್ಲಚ್ ಪ್ಲೇಟುಗಳ ಮೇಲಿನ ಪದರ ಹಾಳಾಗುತ್ತದೆ. ನಿಮ್ಮ ರೇಡಿಯೇಟರ್ ಹತ್ತು ವರ್ಷದ ಮೂಲದ್ದೇ ಆಗಿದ್ದರೆ ಈ ಕೆಲಸದ ಜೊತೆಗೇ ಹೊಸದು ಹಾಕಿಸಿ.

ನೀವೇ ಮಾಡಬಹುದೇ? ಬ್ರ್ಯಾಕೆಟ್, ಹೋಸ್ ಮಟ್ಟಿಗೆ ಖಂಡಿತ. ಆಯಿಲ್ ಮಟ್ಟ ನೋಡುವುದು ಮಾತ್ರ ಕಷ್ಟ. ಕೂಲರ್ ಮತ್ತು ಹೋಸು ಸೇರಿ ಸುಮಾರು ಅರ್ಧ ಲೀಟರ್ ಹೆಚ್ಚುವರಿ ಆಯಿಲ್ ಕುಡಿಯುತ್ತವೆ. ಡಿಪ್‌ಸ್ಟಿಕ್ ಇದ್ದರೆ ಸುಲಭ. ಇಲ್ಲದಿದ್ದರೆ ಗಾಡಿ ಸಮತಟ್ಟಾಗಿ ಮೇಲೆದ್ದು, ಎಂಜಿನ್ ಓಡುತ್ತಿದ್ದು, ಕೈಪಿಡಿ ಹೇಳಿದ ತಾಪಮಾನದಲ್ಲಿ ಕೆಳಗಿನ ಬಿರಡೆ ತೆಗೆದು ನೋಡಬೇಕು. ಆ ಭಾಗಕ್ಕೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ. ಆಯಿಲಿನ ನಿರ್ದಿಷ್ಟತೆ ಕೈಪಿಡಿಯಲ್ಲಿರುವುದೇ ಆಗಬೇಕು, ಎಲ್ಲಕ್ಕೂ ಆಗುತ್ತದೆ ಎಂಬ ಡಬ್ಬಿ ಬೇಡ.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗ್ಗೆ ಅಲೆದರೆ ಹೋಸು, ಕ್ಲಿಪ್ಪು ಎಲ್ಲ ಸಿಗುತ್ತವೆ, ಕೂಲರನ್ನು ಆನ್‌ಲೈನಿನಲ್ಲಿ ತರಿಸಬೇಕಾಗಬಹುದು. ಶಿವಾಜಿನಗರದ ಗುಜರಿಯಿಂದ ಹಳೆಯ ಕೂಲರ್ ಮಾತ್ರ ತರಬೇಡಿ. ಅದು ಸತ್ತ ಗೇರ್‌ಬಾಕ್ಸಿನದಾಗಿದ್ದರೆ ಲೋಹದ ಪುಡಿ ಒಳಗೇ ಉಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಕೂರಿಸಿದ ಮೇಲೆ ಮೊದಲ ಕೆಲವು ದಿನ ಪ್ರತಿ ಬೆಳಗ್ಗೆ ಗಾಡಿಯ ಕೆಳಗೆ ಬಗ್ಗಿ ನೋಡಿ. ನಂತರ ಸ್ಕ್ಯಾನರ್ ಹಾಕಿಕೊಂಡು ನಂದಿ ಬೆಟ್ಟ ಹತ್ತಿ, ಒಂದು ಸಂಜೆ ಅದೇ ಎಲೆಕ್ಟ್ರಾನಿಕ್ ಸಿಟಿ ದಾರಿಯಲ್ಲೂ ಅಳೆಯಿರಿ. ಟ್ರಾಫಿಕ್ಕಿನಲ್ಲಿ ತಾಪಮಾನ ಇಳಿಯದಿದ್ದರೆ ಮೊದಲು ಫ್ಯಾನಿನ ಗಾಳಿಯನ್ನು ಪರೀಕ್ಷಿಸಿ. ಸಮತಟ್ಟಾದ ಹೆದ್ದಾರಿಯಲ್ಲೂ ಏರುತ್ತಲೇ ಇದ್ದರೆ ಲಾಕ್‌ಅಪ್ ಕ್ಲಚ್ ಹಿಡಿಯುತ್ತಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಗೇರ್‌ಬಾಕ್ಸ್ ಬಿಚ್ಚುವವರ ಬಳಿಗೆ ಹೋಗಿ, ಇನ್ನೊಂದು ಕೂಲರಿನ ಮಾತೆತ್ತಿದರೆ ಒಪ್ಪಬೇಡಿ.