ನಿಕಾನ್ ಝಡ್ಎಫ್‌ಗೆ ಯಾವ ಗ್ರಿಪ್, ಯಾವ ಲೆನ್ಸ್?

ನಮಸ್ಕಾರ. ಮುಂಬೈಯ ಮಾಟುಂಗಾದಿಂದ ದಾದರಿನ ಹೂವಿನ ಮಾರುಕಟ್ಟೆಯವರೆಗೆ ನಿಕಾನ್ ಝಡ್ಎಫ್ ಕ್ಯಾಮೆರಾ ಹಿಡಿದು ನಡೆದರೆ ಬೆರಳು ನೋಯುತ್ತದೆ, ಗ್ರಿಪ್ (ಹಿಡಿತಕ್ಕಾಗಿ ಕ್ಯಾಮೆರಾಗೆ ಜೋಡಿಸುವ ಹಿಡಿ) ಬೇಕೇ, 40 ಎಂಎಂ ಎಫ್/2 ಲೆನ್ಸ್ ಸಾಕೇ ಅಥವಾ 24-120 ಎಫ್/4 ಝೂಮ್ ಲೆನ್ಸ್ ಕೊಳ್ಳಲೇ ಎಂದು ಕೇಳಿದ್ದೀರಿ.

ಈ ಕ್ಯಾಮೆರಾ 1982ರ ನಿಕಾನ್ ಫಿಲ್ಮ್ ಕ್ಯಾಮೆರಾ ಎಫ್ಎಂ2ರ ರೂಪವನ್ನು ಅನುಸರಿಸಿರುವುದರಿಂದ ಅದರ ಮುಂಭಾಗ ಬಹುತೇಕ ಚಪ್ಪಟೆಯಾಗಿದ್ದು, ಸುಮಾರು 710 ಗ್ರಾಂ ತೂಕವನ್ನು ಬೆರಳ ತುದಿಗಳೇ ಹೊರಬೇಕಾಗುತ್ತದೆ. ಆದ್ದರಿಂದ ಗ್ರಿಪ್ ಖಂಡಿತ ಬೇಕು. ಕೊಳ್ಳುವಾಗ ಒಂದು ವಿಷಯವನ್ನು ತಪ್ಪದೆ ಪರೀಕ್ಷಿಸಿ: ಝಡ್ಎಫ್‌ನಲ್ಲಿ ಬ್ಯಾಟರಿಯೂ ಎರಡೂ ಮೆಮೊರಿ ಕಾರ್ಡುಗಳೂ ತಳದ ಒಂದೇ ಮುಚ್ಚಳದೊಳಗಿವೆ. ಗ್ರಿಪ್ಪಿನ ತಳ ಆ ಮುಚ್ಚಳವನ್ನು ಅಡ್ಡಗಟ್ಟಿದರೆ ಪ್ರತಿ ಬಾರಿಯೂ ಸ್ಕ್ರೂ ಬಿಚ್ಚಬೇಕಾಗುತ್ತದೆ, ಮತ್ತು ಮಾರುಕಟ್ಟೆಯ ನೂಕುನುಗ್ಗಲಿನಲ್ಲಿ ಅದು ಆಗದ ಕೆಲಸ.

ಲೆನ್ಸಿನ ವಿಷಯದಲ್ಲಿ ನನ್ನ ಒಲವು ಸ್ಪಷ್ಟವಾಗಿ 40 ಎಂಎಂ ಕಡೆಗಿದೆ. ಅದರ ತೂಕ ಸುಮಾರು 170 ಗ್ರಾಂ, 24-120ರದ್ದು 630. ನಸುಕಿನಲ್ಲಿ ಬಲ್ಬಿನ ಬೆಳಕಿನಡಿ ಚೆಂಡುಹೂ ರಾಶಿ ಹಾಕುವವರನ್ನು ತೆಗೆಯುವಾಗ ಎಫ್/2, ಎಫ್/4ಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. 40 ಎಂಎಂ ಲೆನ್ಸಿನ ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಪ್ಲಾಸ್ಟಿಕ್ಕಿನದು. ಇಷ್ಟು ಹಗುರ ಲೆನ್ಸಿಗೆ ಅದು ಚಿಂತಿಸುವ ವಿಷಯವಲ್ಲ. ಪ್ರವಾಸ, ಮದುವೆ ಹೆಚ್ಚಿದ್ದರೆ ಮಾತ್ರ 24-120 ಕೊಳ್ಳಿ. ಆಗ ಗ್ರಿಪ್ ಇದ್ದರೂ ಎಡಗೈ ಲೆನ್ಸಿನ ಅಡಿಯಲ್ಲಿರಲಿ.